ಆರು ಬೇಸಿನ್ನಿನ ನೊರೆ

ಜನವರಿ 8, ಬುಧವಾರ

ನಂದಿಬೆಟ್ಟದ ರಸ್ತೆಗೆ ಎಷ್ಟು ತಿರುವು ಬೇಕೆಂದು ಎಂಜಿನಿಯರಿಗೆ ಹೇಳಿಕೊಟ್ಟವನು ನಾನು. ಆಗ ನನಗೆ ಆರು ವರ್ಷ. ಮೈಮೇಲೆ ಚಡ್ಡಿ ಕೂಡ ಇರಲಿಲ್ಲ. ಇವತ್ತು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇದನ್ನು ಹೇಳಿದೆ, ಒಬ್ಬನೂ ನಂಬಲಿಲ್ಲ. ನಂಬದಿದ್ದರೆ ಬಿಡಲಿ. ರಸ್ತೆ ಈಗಲೂ ಅಲ್ಲೇ ಇದೆ, ಹೋಗಿ ಕೇಳಿಕೊಳ್ಳಲಿ.

ಎಂದಿನ ಕೆಲಸ. ಎರಡು ಮೂಟೆ ಗೂಡು ಟಿವಿಎಸ್ ಮೇಲೆ ಹೇರಿಕೊಂಡು ಶಿಡ್ಲಘಟ್ಟದಿಂದ ಮೇಲೂರಿಗೆ ಬಂದೆ. ತಂಗಿ ವರಲಕ್ಷ್ಮಮ್ಮನ ಶೆಡ್ಡಿನಲ್ಲಿ ಆಗಲೇ ಆರು ಬೇಸಿನ್ನೂ ಓಡುತ್ತಿದ್ದವು. ಬಿಸಿನೀರಲ್ಲಿ ರೇಷ್ಮೆ ಗೂಡು ಕುಣಿಯುತ್ತಿದೆ. ಹೆಂಗಸರು ಎಳೆಯ ತುದಿ ಹುಡುಕಿ ರಾಟೆಗೆ ಕೊಡುತ್ತಿದ್ದಾರೆ. ನೊರೆ ಉಕ್ಕಿ ತುದಿ ಮರೆಯಾದರೆ ಪಕ್ಕದ ಬಟ್ಟಲಿನ ಎಣ್ಣೆಗೆ ಬೆರಳು ಅದ್ದಿ ಒಂದು ಹನಿ ಬಿಡುತ್ತಾರೆ. ನೊರೆ ಸುಮ್ಮನಾಗುತ್ತದೆ. ಮಾತು ಕೂಡ ನಿಲ್ಲಿಸುವುದಿಲ್ಲ ಅದಕ್ಕೆ.

ಮುದ್ದೆಗೆ ಕೂತರೆ ತಟ್ಟೆ ಬರಲಿಲ್ಲ. ತಂಗಿ ಒಂದು ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಣ್ಣ, ಶೆಡ್ಡು ಮುಚ್ಚಿಸ್ತಾರಂತೆ ಕಣೋ."

"ಯಾರು? ಯಾರಿಗಿದೆ ಅಷ್ಟು ಧೈರ್ಯ?"

"ಸರ್ಕಾರಕ್ಕೆ," ಅಂದ ಅವಳ ಗಂಡ ಚೆನ್ನರಾಯಪ್ಪ, ಮೂಲೆಯಲ್ಲಿ ಬೀಡಿ ಹಚ್ಚುತ್ತ. "ಹೋಗಿ ಸ್ವಲ್ಪ ಗದರಿಸಿ ಬಾ ಭಾವ."

ಪರಿಸರದ ಆಫೀಸಿನ ನೋಟಿಸು. ಗೂಡು ಬೇಯಿಸಿದ ನೀರನ್ನು ಹಾಗೇ ಕಾಲುವೆಗೆ ಬಿಡುತ್ತಿದ್ದೀರಿ, ಶುದ್ಧ ಮಾಡಿ ಬಿಡಬೇಕು. ಫೆಬ್ರವರಿ 20ಕ್ಕೆ ಬಂದು ನೋಡುತ್ತೇವೆ. ಆಗಲೂ ಹೀಗೇ ಇದ್ದರೆ ಕರೆಂಟು ಕಟ್.

ತಪ್ಪು ಅವರದಲ್ಲ. ಆ ನೀರು ನನಗೂ ಗೊತ್ತು. ಸತ್ತ ಹುಳುವಿನ ಎಣ್ಣೆ, ಗೂಡಿನ ಅಂಟು, ಸೇರಿ ಹಳಸಿದ ಟೀ ಬಣ್ಣ. ಮೂಗು ಹಿಡಿದುಕೊಂಡೇ ದಾಟಬೇಕು. ಆದರೆ ಆ ಶೆಡ್ಡಿಲ್ಲದಿದ್ದರೆ ಈ ಮನೆಗೆ ಅನ್ನವಿಲ್ಲ. ಈ ಮನೆಗಿಲ್ಲದಿದ್ದರೆ ನನಗೂ ಇಲ್ಲ. ಮದುವೆ ಇಲ್ಲ, ಮಕ್ಕಳಿಲ್ಲ. ಹಿತ್ತಲ ಕೋಣೆ, ತಂಗಿ ಕೈಯಡುಗೆ — ನನ್ನ ಆಸ್ತಿ ಇಷ್ಟೇ.

ಜನವರಿ 9

ಮೋಹನ್‌ಬಾಬು ಬಂದಿದ್ದ. ಊರಿನ ಇನ್ನೊಬ್ಬ ರೀಲರ್, ನಮ್ಮ ಹಾಗೆ ಗೂಡು ಬೇಯಿಸಿ ನೂಲು ತೆಗೆಸುವವನು. ಅವನಿಗೂ ನೋಟಿಸು. ನಾಲ್ಕು ಶೆಡ್ಡಿನವರು ಸೇರಿ ನೀರು ಶುದ್ಧ ಮಾಡುವ ಒಂದು ಪ್ಲಾಂಟ್ ಹಾಕಿಸುತ್ತಾರಂತೆ.

"ಅಕ್ಕ, ನೀವೂ ಸೇರ್ಕೊಳಿ. ಐದನೇ ಪಾಲು ನಿಮ್ದು. ನಾಳೆಯೊಳಗೆ ಹೇಳ್ಬಿಡಿ, ಟ್ಯಾಂಕಿನ ಅಳತೆ ಕೊಡ್ಬೇಕು. ಆಮೇಲೆ ದೊಡ್ಡದು ಮಾಡಕ್ಕಾಗಲ್ಲ."

ತಂಗಿ ಗಂಡನ ಮುಖ ನೋಡಿದಳು. ಗಂಡ ಸೂರು ನೋಡಿದ. ಆಗ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು.

"ಏ ಬಾಬು, ಇಷ್ಟು ನೀರಿಗೆ ಅಷ್ಟು ಆರ್ಭಟ ಯಾಕಪ್ಪ? ನಾನೇ ಮಾಡ್ಕೊಡ್ತೀನಿ."

"ಏನ್ ಮಾಡ್ಕೊಡ್ತೀರ ಅಂಜಿನಪ್ಪಣ್ಣ?"

"ಯಂತ್ರ."

"ಯಾವ ಯಂತ್ರ?"

"ಹುಟ್ಟಿದ್ಮೇಲೆ ಹೆಸರಿಡೋಣ."

ಅವನು ನಕ್ಕ. ಚೆನ್ನರಾಯಪ್ಪನೂ ನಕ್ಕ. ತಂಗಿ ನಗಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಬಾಬುವಿಗೆ ಹೇಳಿದಳು, "ನಮ್ಮಣ್ಣ ಮಾಡ್ತೀನಿ ಅಂತವ್ನೆ. ನಮಗೆ ಬೇಡ ಬಿಡಪ್ಪ."

ಐವತ್ತೆಂಟು ವರ್ಷದಲ್ಲಿ ನನ್ನ ಮಾತಿನ ಮೇಲೆ ಯಾರೂ ಏನನ್ನೂ ಪಣಕ್ಕಿಟ್ಟಿರಲಿಲ್ಲ. ಕೇಳುತ್ತಿದ್ದರು, ನಗುತ್ತಿದ್ದರು, ಎದ್ದು ಹೋಗುತ್ತಿದ್ದರು. ಇವಳು ಇಟ್ಟುಬಿಟ್ಟಳು... ಎಂದಿನ ಹಾಗೆ ಎರಡು ಮುದ್ದೆ ತಿಂದೆ, ಅನುಮಾನ ಬರದಿರಲಿ ಅಂತ.

ಜನವರಿ 10, ಸಂಜೆ

ಸೊಸೆ ಹರಿತಾ ಕಾಲೇಜಿನಿಂದ ಬಂದಳು. ತಂಗಿಯ ಒಬ್ಬಳೇ ಮಗಳು. ಚಿಕ್ಕಬಳ್ಳಾಪುರದಲ್ಲಿ ಬಿಎಸ್ಸಿ, ಕೆಮಿಸ್ಟ್ರಿ. ಬಸ್ಸಿಳಿದವಳು ಸೀದಾ ನನ್ನ ಕೋಣೆಗೆ.

"ಏನ್ ಮಾವ, ಯಂತ್ರ ಮಾಡ್ತೀರಂತೆ? ಎಂಥ ಯಂತ್ರ?"

"ಅದನ್ನ ನೀನೇ ಹೇಳ್ಬೇಕು ಕಣಮ್ಮ."

ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಒಂದು ಲೋಟದಲ್ಲಿ ಬೇಸಿನ್ನಿನ ನೀರು ತಂದು ನನ್ನ ಮುಂದಿಟ್ಟಳು.

"ನೋಡಿ ಮಾವ. ಇದರಲ್ಲಿರೋ ಎಣ್ಣೆ, ಅಂಟು, ನಾರು ತಳಕ್ಕೂ ಇಳಿಯಲ್ಲ, ಮೇಲಕ್ಕೂ ಏಳಲ್ಲ. ನಡುವೆ ಸುಮ್ನೆ ಅಲೀತಿರುತ್ತೆ."

"ನಿಮ್ಮಪ್ಪನ ಹಾಗೆ."

"ನಿಮ್ಮ ಹಾಗೆ. ಸುಮ್ನೆ ಕೇಳಿ. ಒಳಗಡೆಯಿಂದ ಗಾಳಿಗುಳ್ಳೆ ಬಿಟ್ರೆ, ನೀರಿಗೆ ಬೇಡವಾದ ಎಣ್ಣೆ ಜಿಡ್ಡೆಲ್ಲ ಗುಳ್ಳೆಗೆ ಹೋಗಿ ಅಂಟ್ಕೊಳ್ಳುತ್ತೆ. ಗುಳ್ಳೆ ಅದನ್ನ ಹೊತ್ಕೊಂಡು ಮೇಲೆ ಬರುತ್ತೆ, ನೊರೆ ಆಗಿ ನಿಲ್ಲುತ್ತೆ. ನೊರೆ ಬಾಚಿ ತೆಗೆದ್ರೆ ಕೆಳಗಡೆ ತಿಳಿನೀರು. ಫ್ಲೋಟೇಶನ್ ಅಂತಾರೆ. ಗಣಿಗಳಲ್ಲಿ ಅದಿರನ್ನೂ ಹೀಗೇ ಎತ್ತಾರೆ."

ಇಷ್ಟೇನಾ! ಗಾಳಿ. ಗಾಳಿ ನನ್ನ ಹತ್ತಿರ ಬೇಕಾದಷ್ಟಿದೆ. ಅದನ್ನು ಚೆನ್ನರಾಯಪ್ಪನೇ ಒಪ್ಪುತ್ತಾನೆ.

ಜನವರಿ 13, ಸೋಮವಾರ

ಪಂಕ್ಚರ್ ಅಂಗಡಿ ಮುನೇಶನ ಕಂಪ್ರೆಸರ್ ತಂದೆ. ಡ್ರಮ್ಮಿಗೆ ಕೊಳೆನೀರು ತುಂಬಿ ತಳಕ್ಕೆ ಪೈಪು ಬಿಟ್ಟು ಗಾಳಿ ಹೊಡೆದೆ. ಎಮ್ಮೆ ಮುಳುಗೆದ್ದ ಹಾಗೆ ಒಂದೊಂದು ಗುಳ್ಳೆ. ಕೆಳಗಿನ ಕೊಳೆ ಮೇಲೆ, ಮೇಲಿನದು ಕೆಳಗೆ. ನೀರು ಇನ್ನೂ ಕೆಟ್ಟಿತು. ಅರ್ಧ ಡ್ರಮ್ಮು ನನ್ನ ಮೈಮೇಲೆ.

ಮುನೇಶ, "ಅಣ್ಣ, ನೀರು ಶುದ್ಧ ಆಗ್ಲಿಲ್ಲ, ಆದ್ರೆ ನೀವು ಪೂರ್ತಿ ಗಲೀಜಾದ್ರಿ" ಅಂದ.

ಹರಿತಾ ದೂರದಿಂದಲೇ ಕೂಗಿದಳು — ಗುಳ್ಳೆ ದಪ್ಪ ಆಯ್ತು ಮಾವ, ಚಿರೋಟಿ ರವೆಗಿಂತ ಸಣ್ಣ ಬೇಕು. ದಪ್ಪ ಗುಳ್ಳೆ ಓಡಿಹೋಗುತ್ತೆ, ಏನನ್ನೂ ಹೊತ್ಕೊಳ್ಳಲ್ಲ.

ರವೆಗಿಂತ ಸಣ್ಣ ಗುಳ್ಳೆ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಜನವರಿ 14, ಸಂಕ್ರಾಂತಿ

ಹಿದುಕಿದ ಅವರೆಬೇಳೆ ಸಾರು. ಲೆಕ್ಕವಿಲ್ಲದೆ ತಿಂದೆ. ಹೊಟ್ಟೆ ಡೋಲು. ಬಸ್‌ಸ್ಟ್ಯಾಂಡಿಗೆ ಹೋಗಿ ಒಂದು ಗೋಲಿ ಸೋಡ ಕುಡಿಯೋಣ ಎಂದು ಗೋಲಿ ಒತ್ತಿದೆ. ಬುಸ್ ಎಂದಿತು. ಬಾಟಲಿಯೊಳಗೆ ನೀರು ಒಂದು ಗಳಿಗೆ ಬೆಳ್ಳಗಾಯಿತು.

ಬೆಳ್ಳಗೆ! ಹಾಲಿನ ಹಾಗೆ! ಅಷ್ಟೂ ಸಣ್ಣ ಗುಳ್ಳೆ!

ಸೋಡ ಕುಡಿಯಲೂ ಇಲ್ಲ, ಬಾಟಲಿ ಹಿಡಿದು ಮನೆಗೆ ಓಡಿದೆ. ಅಂಗಡಿಯವನು ಬಾಟಲಿಗಾಗಿ ನನ್ನ ಹಿಂದೆ ಓಡಿಬಂದ. ಹರಿತಾ ನೋಡಿ ಹೌದೆಂದಳು. ನೀರಿನೊಳಗೆ ಗಾಳಿಯನ್ನು ಒತ್ತಡದಲ್ಲಿ ಕರಗಿಸಿಟ್ಟು ತಟ್ಟನೆ ಬಿಟ್ಟರೆ ಇಂಥ ಗುಳ್ಳೆಯೇ ಬರುತ್ತದಂತೆ. ದೊಡ್ಡ ಪ್ಲಾಂಟ್‌ಗಳಲ್ಲೂ ಮಾಡುವುದು ಇದನ್ನೇ. "ಮಾವ, ಇದು ನಿಮಗೆ ಹೆಂಗ್ ಹೊಳೀತು?"

ಹುಟ್ಟಿದಾಗಲೇ ಹೊಳೆದಿತ್ತು, ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ ಅಂದೆ. ಅವರೆಕಾಳಿನ ಹೆಸರು ಎತ್ತಲಿಲ್ಲ.

ಜನವರಿ 21, ಮಂಗಳವಾರ

ಚಿಂತಾಮಣಿ. ಮುಚ್ಚಿಹೋದ ಸೋಡ ಫ್ಯಾಕ್ಟರಿ, ಮಾಲೀಕ ಮುನಿವೆಂಕಟಪ್ಪ. ಗೋದಾಮಿನಲ್ಲಿ ಆಳೆತ್ತರದ ಕಬ್ಬಿಣದ ಸಿಲಿಂಡರು, ಗೇಜು, ವಾಲ್ವು ಎಲ್ಲ ಇದೆ. ಮೇಲೆ ಕೋಳಿ ಮಲಗಿತ್ತು.

"ಎಂದುಕಪ್ಪಾ ನೀಕು ಇದಿ? ಯಾಕೆ ಬೇಕು ನಿಂಗೆ ಇದು? ಸೋಡ ಅಂಗಡಿ ಇಡ್ತೀಯಾ?"

"ಕೊಳಚೆ ನೀರಲ್ಲಿ ಸೋಡ ಮಾಡ್ತೀನಿ."

ಮುದುಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ರೇಟು ಏರಿಸಿದ. ಹುಚ್ಚರ ಹತ್ತಿರ ಚೌಕಾಸಿ ಇಲ್ಲ ಅಂದುಕೊಂಡಿರಬೇಕು. ಹೊರಡುವಾಗ ಮಾತ್ರ ಒಳ್ಳೆಯ ಮಾತು ಹೇಳಿದ, "ಮುಳ್ಳು ಕೆಂಪು ಗೀಟು ದಾಟಬಾರದು. ವಾಷರ್ ಹಳೇದು."

ಟಿವಿಎಸ್ ಅಲ್ಲೇ ಮಾರಿದೆ. ಸಿಲಿಂಡರನ್ನೂ ನನ್ನನ್ನೂ ಟೆಂಪೋದವನು ಕರೆತಂದ. ಮನೆಯಲ್ಲಿ ಟಿವಿಎಸ್ ರಿಪೇರಿಗೆ ಬಿಟ್ಟಿದ್ದೇನೆ ಅಂದಿದ್ದೇನೆ.

ಜನವರಿ 23

ಗೌರಿಬಿದನೂರಿನ ಗುಜರಿಯಲ್ಲಿ ತೊಟ್ಟಿ ಸಿಕ್ಕಿತು. ಉದ್ದ, ಅಗಲ, ತಳದಲ್ಲಿ ನಲ್ಲಿ. ಅಂಚೆ ಕಚೇರಿಯ ದುಡ್ಡು ತೆಗೆದೆ. ಎಲ್ಲ. ಕೌಂಟರಿನ ಹುಡುಗಿ, "ಅಕೌಂಟ್ ಕ್ಲೋಸ್ ಮಾಡ್ಬಿಡ್ಲಾ ಅಂಕಲ್?" ಅಂತ ಕೇಳಿದಳು. ಮಾಡಿಬಿಡಮ್ಮ ಅಂದೆ.

ಜನವರಿ 28, ಮಂಗಳವಾರ

ಆಯಿತು! ಆಯಿತು!!

ನಿನ್ನೆ ಡ್ರಮ್ಮಿಗೆ ತುಂಬಿಟ್ಟಿದ್ದ ಕೊಳೆನೀರನ್ನು ತೊಟ್ಟಿಗೆ ಸುರಿದು, ಹರಿತಾ ಹೇಳಿದ ಹಾಗೆ ಮೊದಲು ಪಟಿಕ ಕರಗಿಸಿ ಹಾಕಿ ಕಲಕಿದೆವು. ಅಲ್ಲಲ್ಲಿ ಅಲೆಯುತ್ತಿದ್ದ ಕೊಳೆ ಮೊಸರು ಒಡೆದ ಹಾಗೆ ಗಂಟುಗಂಟಾಯಿತು. ಆಮೇಲೆ ನೀರು ತುಂಬಿ ಕಂಪ್ರೆಸರಿನಿಂದ ಗಾಳಿ ಒತ್ತಿಟ್ಟಿದ್ದ ಸಿಲಿಂಡರಿನ ವಾಲ್ವು ತಿರುಗಿಸಿದೆ. ತೊಟ್ಟಿಯ ತಳದಿಂದ ಹಾಲು ಹೊಮ್ಮಿದ ಹಾಗೆ ಬಿಳಿ. ಗಂಟುಗಳು ಒಂದೊಂದಾಗಿ ಮೇಲೆದ್ದವು. ಯಾರೋ ಕೆಳಗಿಂದ ಹೆಗಲು ಕೊಟ್ಟು ಎತ್ತಿದ ಹಾಗೆ. ನೋಡನೋಡುತ್ತ ಮೇಲೆ ನಾಲ್ಕು ಬೆರಳು ದಪ್ಪ ಕಂದು ನೊರೆ. ಮರದ ಹಲಗೆಯಿಂದ ಬಾಚಿದೆವು. ಅಡಿ ನಲ್ಲಿ ತಿರುಗಿಸಿ ಲೋಟ ಹಿಡಿದೆ.

ನನ್ನ ಬೆರಳು ಆ ಕಡೆಯಿಂದ ಕಾಣಿಸಿತು.

ಚೆನ್ನರಾಯಪ್ಪ ಲೋಟ ತಗೊಂಡು ಬೆಳಕಿಗೆ ಹಿಡಿದ. ಮೂಸಿದ. ಬೀಡಿ ಕಟ್ಟು ತೆಗೆದು ನನ್ನ ಮುಂದೆ ಚಾಚಿದ. ಇಷ್ಟು ವರ್ಷದಲ್ಲಿ ಮೊದಲ ಸಲ. ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೊಗೆ" ಅಂದಳು. ಒಲೆ ಹಚ್ಚಿರಲಿಲ್ಲ.

ಫೆಬ್ರವರಿ 4

ಊರಿಗೆಲ್ಲ ಗೊತ್ತಾಯಿತು. ಗೊತ್ತಾಗದೆ ಇರಲು ನಾನೂ ಬಿಡಲಿಲ್ಲ. ಟೀ ಅಂಗಡಿಯಲ್ಲಿ ಮೋಹನ್‌ಬಾಬು ಕೇಳಿದ, "ಎಷ್ಟಾಯ್ತು ಅಣ್ಣ ಖರ್ಚು?"

"ಮೂರು ಲಕ್ಷ," ಅಂದೆ. ಬಾಯಿಗೆ ಬಂತು, ಅಂದೆ. "ಎಲ್ಲ ನನ್ನದೇ. ತಂಗೀದು ಒಂದು ಪೈಸೆ ಮುಟ್ಟಿಲ್ಲ."

ಸುತ್ತ ಕೂತವರು ನನ್ನನ್ನು ನೋಡಿದ ರೀತಿ! ಯಾರೋ ಇನ್ನೊಂದು ಟೀ ಹೇಳಿದರು. ಸಂಜೆಯೊಳಗೆ ಮಾತು ತಂಗಿಯ ಕಿವಿಗೂ ಮುಟ್ಟಿತ್ತು. "ಇಷ್ಟು ದುಡ್ಡು ಎಲ್ಲಿತ್ತು ಅಣ್ಣ?" "ಗಂಡಸರ ವಿಷಯ ಬಿಡಮ್ಮ."

ಮಧ್ಯಾಹ್ನ ಆವುಲಪ್ಪ ಬಂದಿದ್ದ. ಕಾಲುವೆಯ ಆ ಕಡೆ ಅವನ ತೋಟ. ಪರಿಸರದ ಆಫೀಸಿಗೆ ದೂರು ಕೊಟ್ಟವನು ಅವನೇ, ಅದನ್ನು ಮುಚ್ಚಿಡುವುದೂ ಇಲ್ಲ. ಜಗಳಕ್ಕೆ ಸಿದ್ಧನಾಗಿದ್ದೆ. ಅವನು ಒಂದು ಕೊಡ ಇಳಿಸಿ, "ನಮ್ಮ ಬಾವಿ ನೀರು. ಮೂಸಿ ನೋಡಪ್ಪ" ಅಂದ. ಮೂಸಿದೆ. ಬೇಸಿನ್ನಿನ ವಾಸನೆಯೇ.

"ಹಸು ಮೂತಿ ತಿರುಗಿಸುತ್ತೆ ಅಂಜಿನಪ್ಪ. ನಾವು ಮೂತಿ ತಿರುಗಿಸೋಕಾಗಲ್ಲ, ಅದನ್ನೇ ಕುಡೀತೀವಿ. ನಿನ್ನ ತಂಗಿ ಮೇಲೆ ನನಗೇನು ಹಗೆ?"

ಸರಿಹೋಗುತ್ತೆ, ನಾನಿದ್ದೇನಲ್ಲ ಅಂದೆ. ಅವನೂ ನಂಬಿ ಹೋದ. ಎಲ್ಲರೂ ನಂಬುತ್ತಿದ್ದಾರೆ ಈಚೆಗೆ. ಹೆದರಿಕೆಯಾಗುತ್ತದೆ.

ಫೆಬ್ರವರಿ 12

ಕೆಲಸ ಮಾಡುತ್ತಿಲ್ಲ.

ಡ್ರಮ್ಮಿನಷ್ಟು ನೀರಿಗೆ ಆದದ್ದು ತೊಟ್ಟಿ ತುಂಬ ಆಗುತ್ತಿಲ್ಲ. ವಾಲ್ವು ಬಿಟ್ಟರೆ ದಪ್ಪ ಗುಳ್ಳೆ. ಕೊಳೆ ಕದಲುವುದೇ ಇಲ್ಲ. ಪಟಿಕ ಹೆಚ್ಚಿಸಿದೆ, ಕಡಿಮೆ ಮಾಡಿದೆ. ವಾಷರ್ ಬಿಗಿ ಮಾಡಿದೆ. ಮುನೇಶ್ವರನಿಗೆ ಹರಕೆ ಹೊತ್ತೆ. ನಾಲ್ಕು ದಿನದಿಂದ ಇದೇ. ಚೆನ್ನರಾಯಪ್ಪ ಈಗ ತಮಾಷೆ ಕೂಡ ಮಾಡುತ್ತಿಲ್ಲ. ಅವನು ಗೇಲಿ ಮಾಡಿದರೆ ಎಷ್ಟೋ ಮೇಲಿತ್ತು.

ಫೆಬ್ರವರಿ 14

ಹರಿತಾ ತೊಟ್ಟಿಗೆ ಕೈಯಿಟ್ಟು ಚೀರಿದಳು. "ಮಾವ! ನೀರು ಸುಡ್ತಾ ಇದೆ!"

ಮೊದಲ ಸಲ ಮಾಡಿದ್ದು ಹಿಂದಿನ ದಿನದ ತಣ್ಣನೆ ನೀರಲ್ಲಿ. ಈಗ ಬೇಸಿನ್ನಿನಿಂದ ಬಿಸಿಬಿಸಿ ಸೀದಾ ತೊಟ್ಟಿಗೆ ಬಿಡುತ್ತಿದ್ದೆವು. ಬಿಸಿನೀರಲ್ಲಿ ಗಾಳಿ ನಿಲ್ಲುವುದಿಲ್ಲವಂತೆ. ಬಿಸಿ ಸೋಡ ಯಾರಾದರೂ ಕುಡಿದಿದ್ದಾರೆಯೇ? ನನಗೇ ಹೊಳೆಯಬೇಕಿತ್ತು.

ಈಗ ನೀರನ್ನು ಮೊದಲು ಕಲ್ಲುಬಾನಿಯಲ್ಲಿ ಆರಿಸುತ್ತೇವೆ. ಆಮೇಲೆ ತೊಟ್ಟಿಗೆ. ಬಂತು, ಬಿಳಿ ಮತ್ತೆ ಬಂತು. ದೇವರೇ, ಹೀಗೇ ಇರಲಿ.

ಫೆಬ್ರವರಿ 20, ಬೆಳಗ್ಗೆ 6

ಇವತ್ತು ಬರುತ್ತಾರೆ. ತಂಗಿ ಶೆಡ್ಡಿಗೆಲ್ಲ ಸಾರಿಸಿ ರಂಗೋಲಿ ಬಿಟ್ಟಿದ್ದಾಳೆ. ಸಿಲಿಂಡರಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಸೋಡ ಫ್ಯಾಕ್ಟರಿಯ ಕೋಳಿ ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ನನಗೂ ಒಂದು ಇಸ್ತ್ರಿ ಅಂಗಿ.

ಅದೇ ದಿನ, ಸಂಜೆ

ಬರೆಯಲಾರೆ.

ಫೆಬ್ರವರಿ 21, ಶುಕ್ರವಾರ

ಬರೆಯುತ್ತೇನೆ. ಬೇರೆ ಯಾರಿಗೂ ಹೇಳುವಂತಿಲ್ಲ.

ಆಫೀಸರ್ ಆಶಾರಾಣಿ ಅಂತ. ಒಳ್ಳೆಯ ಹೆಂಗಸು. ತಂಗಿ ಕೊಟ್ಟ ಮಜ್ಜಿಗೆ ಕುಡಿದರು. ಯಂತ್ರ ನೋಡಿ, "ಇದನ್ನ ಮಾಡಿದ್ದು ಯಾರು?" ಅಂದರು. ನಾನು ಎದೆ ಮುಂದೆ ಮಾಡಿದೆ. ಆವುಲಪ್ಪ ಬೇಲಿಯ ಹತ್ತಿರ ನಿಂತಿದ್ದ. ಬೇಸಿನ್ನಿನ ಹೆಂಗಸರು ರಾಟೆ ನಿಲ್ಲಿಸಿ ನೋಡುತ್ತಿದ್ದರು.

ಪಟಿಕ ಹಾಕಿದೆ. ಗಂಟು ಕಟ್ಟಿತು. ವಾಲ್ವು ತಿರುಗಿಸಿದೆ. ಬಿಳಿ ಹೊಮ್ಮಿತು. ನೊರೆ ಎದ್ದಿತು — ಎಂಥ ನೊರೆ! ನಾನು ಆ ಉತ್ಸಾಹದಲ್ಲಿ ಗಾಳಿ ಸ್ವಲ್ಪ ಜಾಸ್ತಿಯೇ ಬಿಟ್ಟೆ. ನೊರೆ ಅಂಚು ಮುಟ್ಟಿತು. ಅಂಚು ದಾಟಿ ಮೇಡಂ ಚಪ್ಪಲಿಯ ಹತ್ತಿರ ತೊಟ್ಟಿಕ್ಕಿತು. "ನೋಡಿ ಮೇಡಂ, ಕೊಳೆಯೆಲ್ಲ ಈ ನೊರೆಯೊಳಗೇ ಇರೋದು," ಎಂದು ಅವರ ಕಡೆ ತಿರುಗಿ ವಿವರಿಸುತ್ತಿದ್ದೆ. ಎರಡು ಮಾತಿನಷ್ಟು ಹೊತ್ತು ತೊಟ್ಟಿಗೆ ಬೆನ್ನು ಹಾಕಿದ್ದೆ.

ಮತ್ತೆ ತಿರುಗಿದರೆ ತೊಟ್ಟಿಯ ಆ ಬದಿಯಲ್ಲಿ ತಂಗಿ. ಕೈಯಲ್ಲಿ ಎಣ್ಣೆ ಬಟ್ಟಲು.

ಇಪ್ಪತ್ತೈದು ವರ್ಷ ಬೇಸಿನ್ನಿನ ಮುಂದೆ ಕೂತ ಕೈ. ನೊರೆ ಉಕ್ಕಿದರೆ ಆ ಕೈ ಮಾಡುವುದು ಒಂದನ್ನೇ. ಅಣ್ಣನ ಯಂತ್ರ ಉಕ್ಕಿ ಮೇಡಂ ಕಾಲು ಗಲೀಜಾಗಬಾರದು ಅಂತ. ದೊಡ್ಡ ತೊಟ್ಟಿ ಅಂತ ಒಂದು ಹನಿಯಲ್ಲ, ಬಟ್ಟಲನ್ನೇ ಬಗ್ಗಿಸಿದ್ದಳು. ನನ್ನನ್ನು ನೋಡಿ ಸಣ್ಣಗೆ ನಕ್ಕಳು — ಬಿಡು, ನಾನು ನೋಡಿಕೊಂಡೆ ಅನ್ನುವ ಹಾಗೆ.

ನೊರೆ ಸತ್ತಿತು. ಚಟಚಟ ಸದ್ದು. ಗುಳ್ಳೆ ಒಡೆದು ಅದು ಹೊತ್ತು ತಂದ ಕೊಳೆಯೆಲ್ಲ ಮತ್ತೆ ನೀರಿಗೆ ಇಳಿಯಿತು. ನಾನು ನೋಡುತ್ತಲೇ ಇದ್ದೆ. ಆ ಇಳಿಯುವುದು ಎಷ್ಟು ನಿಧಾನ!

ಮೇಡಂ ಬಾಟಲಿ ಹಿಡಿದು ಅಡಿ ನಲ್ಲಿಯ ಹತ್ತಿರ ಬಗ್ಗಿದ್ದರು. "ಒಂದ್ನಿಮಿಷ ಮೇಡಂ, ಇನ್ನೊಂದ್ಸಲ!" ಎಂದು ಕೂಗಿ ಕಂಪ್ರೆಸರ್ ಹಾಕಿದೆ. ಮುಳ್ಳು ಏರಿತು. ಕೆಂಪು ಗೀಟು ಕಂಡಿತು. ದಾಟಿತು. ಕಂಡೂ ನಿಲ್ಲಿಸಲಿಲ್ಲ. ಢಂ! ವಾಷರ್ ಕಿತ್ತು ಚೆನ್ನರಾಯಪ್ಪನ ತಲೆಯ ಟವೆಲ್ಲು ಹಾರಿಸಿಕೊಂಡು ಹೋಯಿತು. ಅದರ ಹೊಡೆತಕ್ಕೆ ತೊಟ್ಟಿಯ ನಲ್ಲಿ ಮುರಿದು ಅಷ್ಟೂ ಕೊಳೆನೀರು ರಂಗೋಲಿಯ ಮೇಲೆ ಹರಿದು ಕಾಲುವೆಗೆ. ಅಲ್ಲಿಂದ ಆವುಲಪ್ಪನ ತೋಟದ ಕಡೆಗೆ. ಅವನು ಬೇಲಿಯಿಂದ ತಿರುಗಿ ನಡೆದ.

ಯಾರಿಗೂ ಪೆಟ್ಟಾಗಲಿಲ್ಲ. ಮೇಡಂ ಬಾಟಲಿಯ ಮುಚ್ಚಳ ಹಾಕುತ್ತ, "ಪ್ರಯತ್ನ ಪಟ್ಟಿದ್ದೀರ, ಇಲ್ಲ ಅನ್ನಲ್ಲ. ಆದ್ರೆ ನಾನು ಇದನ್ನ ಹೆಂಗೆ ಪಾಸ್ ಮಾಡ್ಲಿ ಹೇಳಿ" ಅಂದರು. ಸರಿಯಾದ ಪ್ಲಾಂಟ್ ಹಾಕುವವರೆಗೆ ಬೇಸಿನ್ ಹಚ್ಚುವಂತಿಲ್ಲ.

ಹರಿತಾ ನೋಡಿದ್ದಳು. ಎಲ್ಲರೂ ಹೋದಮೇಲೆ ಮುಖ ಕೆಂಪಗೆ ಮಾಡಿಕೊಂಡು, "ಅಮ್ಮ, ನೀನು ಎಣ್ಣೆ—" ಅಂತ ಶುರು ಮಾಡಿದಳು.

"ವಾಲ್ವು ಉಲ್ಟಾ ತಿರುಗಿಸ್ಬಿಟ್ಟೆ ಕಣಮ್ಮ," ಅಂದೆ, ಜೋರಾಗಿ. "ನೊರೆ ಸತ್ತಿದ್ದು ಅದಕ್ಕೇ. ಇಡೀ ತಾಲ್ಲೂಕಲ್ಲಿ ಇಂಥ ತಪ್ಪು ಮಾಡೋ ಗಂಡು ನಾನೊಬ್ನೇ."

ಹರಿತಾ ನನ್ನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡಳು. ಜಾಣೆ.

ತಂಗಿ ಒದ್ದೆ ನೆಲ ಗುಡಿಸುತ್ತ, "ನಾನಾದ್ರೂ ಉಕ್ಕೋದನ್ನ ನಿಲ್ಲಿಸ್ದೆ. ಇಲ್ದಿದ್ರೆ ಆ ಮೇಡಂ ಸೀರೆ ಎಲ್ಲ ಹಾಳಾಗೋದು" ಅಂದಳು.

ಹೌದಮ್ಮ ಅಂದೆ.

ಮಾರ್ಚ್ 4, ಮಂಗಳವಾರ

ಕರೆಂಟು ಕಟ್ ಮಾಡಿ ಹೋದರು. ಶೆಡ್ಡಿನಲ್ಲಿ ಸದ್ದಿಲ್ಲ. ಇಷ್ಟು ವರ್ಷ ಆ ರಾಟೆ ಸದ್ದಿಗೇ ನಿದ್ದೆ ಬರುತ್ತಿತ್ತು ಎಂದು ಈಗ ತಿಳಿಯಿತು.

ತಂಗಿ ಮೋಹನ್‌ಬಾಬು ಹತ್ತಿರ ಹೋಗಿ ಐದನೇ ಪಾಲು ಕೇಳಿದಳಂತೆ. ಟ್ಯಾಂಕು ಆಗಲೇ ಇಳಿದಿದೆ, ನಾಲ್ಕು ಶೆಡ್ಡಿನ ಅಳತೆಗೆ. ಅವನು ನಿಜವಾಗಿ ಬೇಸರ ಮಾಡಿಕೊಂಡನಂತೆ. ಅವನನ್ನು ಬಯ್ಯಲೂ ಕಾರಣವಿಲ್ಲ. ಬಯ್ಯಲು ಯಾರಾದರೂ ಸಿಕ್ಕಿದ್ದರೆ...

ಪ್ಲಾಂಟಿನಿಂದ ಬರುವ ನೀರು ತಿಳಿಯಾಗಿದೆಯಂತೆ. ಹೋಗಿ ನೋಡಲಿಲ್ಲ.

ಮಾರ್ಚ್ 17, ಸೋಮವಾರ

ಆರು ಬೇಸಿನ್ನೂ ಲಾರಿಗೆ ಹೇರಿದರು. ವಿಜಯಪುರದ ಕಡೆಯ ಯಾರೋ ಕೊಂಡರು. ಹೇರುವುದಕ್ಕೆ ನಾನೂ ಕೈ ಕೊಟ್ಟೆ. ಚೆನ್ನರಾಯಪ್ಪ ಲಾರಿ ಹಿಂದೆ ರಸ್ತೆಯವರೆಗೆ ನಡೆದು ಹೋದ, ನೆಂಟರನ್ನು ಕಳಿಸುವವರ ಹಾಗೆ.

ಬೆಳಗ್ಗೆ ತಂಗಿ ಟಿಫನ್ ಡಬ್ಬಿ ಹಿಡಿದು ಹೊರಟಳು. ಮೋಹನ್‌ಬಾಬು ಶೆಡ್ಡಿಗೆ. ಕೂಲಿಗೆ. ಬೇರೆಯವರ ಬೇಸಿನ್ನಿನ ಮುಂದೆ ಕೂರಲು. ನನ್ನ ಕೋಣೆ ಮುಂದೆ ಹಾದು ಹೋಗುವಾಗ, "ಸಾರು ಒಲೆ ಮೇಲಿದೆ ಅಣ್ಣ, ಬಿಸಿ ಮಾಡ್ಕೊ" ಅಂದಳು. ಏನೂ ಆಗದವರ ಹಾಗೆ.

ಚಾಪೆಯಿಂದ ಏಳಲಿಲ್ಲ. ಸಾರು ಬಿಸಿ ಮಾಡಿಕೊಳ್ಳಲಿಲ್ಲ. ಸಾಯಬೇಕು ಅನ್ನಿಸಿತು ಎಂದು ಬರೆದರೆ ಅದೂ ಬಡಾಯಿಯಾದೀತು. ಹಾಗೆ ಅನ್ನಿಸಲಿಲ್ಲ. ಅವಳ ಡಬ್ಬಿ ನಾನು ಹೊತ್ತು ಹೋಗಬೇಕು ಅನ್ನಿಸಿತು. ಅದನ್ನೂ ಮಾಡಲಿಲ್ಲ.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಕೆಲಸ ಮುಗಿಸಿದ ತಂಗಿ ಸೀದಾ ನನ್ನ ಕೋಣೆಗೆ ಬಂದಳು. ಕೈಬೆರಳು ಬಿಸಿನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಸೆರಗಿನಿಂದ ಒಂದು ಗಂಟು ತೆಗೆದು ಚಾಪೆ ಮೇಲಿಟ್ಟಳು.

"ಏನಮ್ಮ ಇದು?"

"ಬೇಸಿನ್ ಮಾರಿದ್ದು. ಒಂದು ಲಕ್ಷ ಇದೆ. ಉಳಿದ ಎರಡು ನಿಧಾನಕ್ಕೆ ಕೊಡ್ತೀನಿ ಅಣ್ಣ. ಕೂಲಿಯಲ್ಲಿ ತಿಂಗಳಿಗಿಷ್ಟು ಅಂತ."

"ಯಾವ ಎರಡು?"

"ಮೂರು ಲಕ್ಷ ಸುರಿದೆಯಲ್ಲಪ್ಪ ನನಗೋಸ್ಕರ! ಊರೆಲ್ಲ ಅಂತಾರೆ, ವರಲಕ್ಷ್ಮಿ ಅಣ್ಣನ್ನ ಮುಳುಗಿಸ್ಬಿಟ್ಲು ಅಂತ. ನನ್ನ ಶೆಡ್ಡು ಹೋಯ್ತು, ಸರಿ. ನಿನ್ನ ದುಡ್ಡು ಯಾಕೆ ಹೋಗ್ಬೇಕು?"

"ಏ, ತಗೊಂಡ್ಹೋಗು. ನನಗೆ ಮೂರು ಲಕ್ಷ ಒಂದು ಲೆಕ್ಕಾನ?" ಎಂದು ನಕ್ಕೆ. ಬಾಯಿ ತಂತಾನೇ ಅಂದುಬಿಟ್ಟಿತು. ಆ ಕ್ಷಣದಲ್ಲೂ.

ಅವಳು ನಗಲಿಲ್ಲ. "ನೀನು ಹೀಗೇ ಅಂತೀಯ ಅಂತ ಗೊತ್ತಿತ್ತು," ಅಂದಳು. ಗಂಟನ್ನು ನನ್ನ ದಿಂಬಿನ ಕೆಳಗೆ ತಳ್ಳಿ ಎದ್ದು ಹೋದಳು.

ಹಿಂದೆಯೇ ಹರಿತಾ. ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ, "ಮಾವ, ಮುಂದೆ ಓದೋದು ಬೇಡ ಅಂತ ಅಮ್ಮ ಹೇಳಿದ್ದಾರೆ. ನಿಮ್ಮ ಸಾಲ ತೀರೋವರೆಗೂ" ಅಂದಳು. "ನಿಜವಾಗ್ಲೂ ಮೂರು ಲಕ್ಷಾನ ಮಾವ?"

ದಿಂಬು ಸರಿಮಾಡುವವನ ಹಾಗೆ ಆ ಕಡೆ ತಿರುಗಿದೆ.

ಮಾರ್ಚ್ 30, ಯುಗಾದಿ, ಬೆಳಗ್ಗೆ

ಬೇವು ಬೆಲ್ಲಕ್ಕೆ ಕರೆಯುತ್ತಿದ್ದಾಳೆ. ಎರಡು ಸಲ ಕರೆದಳು. ಗಂಟು ಹಿಡಿದು ಅವರ ಬಾಗಿಲವರೆಗೂ ಹೋಗಿ ವಾಪಸ್ಸು ಬಂದೆ. ಎಣ್ಣೆಯ ಸುದ್ದಿ ನಾನು ಸತ್ತರೂ ಎತ್ತುವುದಿಲ್ಲ, ಅದು ನನ್ನ ಜತೆಗೇ ಹೋಗಲಿ. ಆದರೆ ಇದನ್ನು ಹೇಳಲೇಬೇಕು. ಬಾಯಿಗೆ ಅಭ್ಯಾಸವಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ.

ವರಲಕ್ಷ್ಮೀ, ಮೂರು ಲಕ್ಷ ಇಲ್ಲ ಕಣಮ್ಮ. ನಾನು ಅಷ್ಟು ದುಡ್ಡು ಕಣ್ಣಲ್ಲಿ ಕಂಡವನೇ ಅಲ್ಲ. ಟಿವಿಎಸ್ ರಿಪೇರಿಗೆ ಬಿಟ್ಟಿಲ್ಲ, ಮಾರಿದ್ದು. ಅದೂ, ಅಂಚೆ ಕಚೇರಿಯಲ್ಲಿ ಇದ್ದದ್ದೂ ಸೇರಿ, ಸಿಲಿಂಡರು, ತೊಟ್ಟಿ, ಪಟಿಕ, ಟೆಂಪೋ, ಎಲ್ಲಕ್ಕೂ ನಾನು ಕಳೆದುಕೊಂಡದ್ದು ಒಟ್ಟು ಮೂವತ್ತೆಂಟು ಸಾವಿರದ ನಾನೂರು ರೂಪಾಯಿ. ಅಷ್ಟೇ ನನ್ನ ಹತ್ತಿರ ಇದ್ದದ್ದು. ಮೂರನೇ ಸಲ ಕರೆಯುತ್ತಿದ್ದಾಳೆ, ಗಂಟು ಹಿಡಿದು ಹೋಗುತ್ತೇನೆ.